ಗಯಾಬಾಯಿಯ ಹಸಿರು ಗಾಡಿ

ಹುಮನಾಬಾದಿನಲ್ಲಿ ಬಳೆ ಮಾರುವವರಿಗೆ ಬರವಿರಲಿಲ್ಲ. ಆದರೂ ನಮ್ಮ ಓಣಿಯ ಹೆಂಗಸರಿಗೆ ಬಳೆಗಾರ್ತಿ ಎಂದರೆ ಗಯಾಬಾಯಿ ಒಬ್ಬಳೇ. ಅವಳು ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಮಲಾರ ಇಳಿಸಿದಳೆಂದರೆ ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ಯಾರೂ ಏಳುತ್ತಿರಲಿಲ್ಲ. ಬಣ್ಣಬಣ್ಣದ ಬಳೆಗಳನ್ನು ಹಗ್ಗಕ್ಕೆ ಪೋಣಿಸಿ ಹೆಗಲ ಮೇಲೆ ಹೊರುವ ಆ ಮಲಾರ ಅವಳ ಮೈಯ ಒಂದು ಭಾಗವೇ ಆಗಿಹೋಗಿತ್ತು. ಅದಿಲ್ಲದ ಗಯಾಬಾಯಿಯನ್ನು ಬಜಾರಿನಲ್ಲಿ ಕಂಡರೆ ನಮಗೆ ಗುರುತೇ ಹತ್ತುತ್ತಿರಲಿಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಅರವತ್ತೈದರಲ್ಲಿ. ಬಂದ ಹೊಸದರಲ್ಲೇ ಮಲಾರದಲ್ಲಿದ್ದ ಒಂದು ಕಿತ್ತಳೆ ಬಣ್ಣದ ಬಳೆಯ ಮೇಲೆ ನನ್ನ ಕಣ್ಣು ಬಿತ್ತು. ಅದೇ ಬೇಕು ಎಂದೆ. ಗಯಾಬಾಯಿ ನನ್ನ ಕೈ ಹಿಡಿದು ಮೊಣಕೈವರೆಗೆ ತಿರುಗಿಸಿ ನೋಡಿದಳು.

"ನಿನ್ನ ಕೈಗಿ ಇದು ಹೊಂದೂದಿಲ್ಲವ್ವಾ. ಇಟ್ಟ ಬಿಡು."

"ನಂಗ ಇದ ಬೇಕು."

"ನಿಂಗ ಬೇಕಾದ್ರ ಏನಾತು? ಹಾಕಾಕಿ ನಾ ಇದ್ದೀನಿ."

ಹೀಗೆಂದು ನನ್ನ ಕೈಯಿಂದ ಬಳೆ ಕಸಿದುಕೊಂಡು ತಾನೇ ನೇರಳೆ ಬಣ್ಣದ್ದೊಂದು ಡಜನ್ ಏರಿಸಿದಳು. ನನಗೆ ಮೈಯೆಲ್ಲ ಉರಿಯಿತು. ನಾನೇನು ಸುಮ್ಮನಿರುವವಳಲ್ಲ, ಆದರೆ ಹೊಸ ಸೊಸೆ, ಪಕ್ಕದಲ್ಲಿ ಅತ್ತೆ ಕೂತಿದ್ದರು. ಸಂಜೆ ನಮ್ಮ ಯಜಮಾನರು ಚಹಾ ಕಪ್ಪು ತೆಗೆದುಕೊಳ್ಳುವಾಗ ಕಪ್ಪು ಬಿಟ್ಟು ಕೈಯನ್ನೇ ನೋಡುತ್ತ ನಿಂತರು. ಅವತ್ತಿನಿಂದ ನಾನು ಗಯಾಬಾಯಿಗೆ ಎದುರು ಆಡಲಿಲ್ಲ. ಬಳೆಯ ಬಣ್ಣ ಆರಿಸುವ ವಿಷಯದಲ್ಲಿ ಅವಳ ಮಾತೇ ಕೊನೆ ಎಂಬುದು ನಮ್ಮ ಓಣಿಯ ಕಾನೂನಾಗಿತ್ತು.

ಅವಳ ಗಂಡ ಏಕನಾಥ ಮಾತು ಕಡಿಮೆಯ ಮನುಷ್ಯ. ಮೊದಲು ಅವನು ಸಾಹುಕಾರ ಬಕ್ಕಪ್ಪನವರ ಮನೆಯಲ್ಲಿ ಕೆಲಸಕ್ಕಿದ್ದ. ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಅಂದರೆ ಐವತ್ತಾರರಲ್ಲಿ, ಬಕ್ಕಪ್ಪನವರು ಹೈದರಾಬಾದಿನಿಂದ ಒಂದು ಬಿಎಸ್‌ಎ ಮೋಟರ್‌ಸೈಕಲ್ ತಂದರು. ವಿಲಾಯತಿ ಗಾಡಿ. ಟಾಂಕಿಗೆ ಕಡು ಹಸಿರು ಬಣ್ಣ, ಅದರ ಅಂಚಿಗೆ ಕೂದಲಿನಷ್ಟು ತೆಳುವಾದ ಬಂಗಾರದ ಗೆರೆ. ಅದನ್ನು ದಿನಾ ಒರೆಸಿಡುವ ಕೆಲಸ ಏಕನಾಥನ ಪಾಲಿಗೆ ಬಂತು. ಒರೆಸುತ್ತ ಒರೆಸುತ್ತ ಅವನಿಗೆ ಆ ಹಸಿರಿನ ಮೇಲೆ ಜೀವ ಹತ್ತಿಬಿಟ್ಟಿತು. ಕೆಲವು ವರ್ಷಗಳಾದ ಮೇಲೆ ಟಾಂಕಿಗೆ ಅಲ್ಲಲ್ಲಿ ತುಕ್ಕು ಹಿಡಿಯಿತು. ಬಕ್ಕಪ್ಪನವರ ತಮ್ಮ, ಹೊಲದ ಮನೆಯ ಗೇಟಿಗೆ ಬಳಿದು ಉಳಿದಿದ್ದ ಕರಿ ಬಣ್ಣವನ್ನು ಬ್ರಶ್ಶಿನಿಂದ ಇಡೀ ಗಾಡಿಗೆ ಹಚ್ಚಿ ಕೈ ತೊಳೆದುಕೊಂಡ. ಅವತ್ತು ಏಕನಾಥ ಊಟ ಮಾಡಲಿಲ್ಲವಂತೆ. ಗಂಡಸರಿಗೆ ಗಾಡಿಯ ಮೇಲಿರುವ ಮಾಯೆ ನನಗೆ ಇವತ್ತಿಗೂ ತಿಳಿದಿಲ್ಲ, ಆದರೆ ಏಕನಾಥನ ದುಃಖ ಖರೇ ದುಃಖವೇ ಆಗಿತ್ತು.

ಮುಂದೆ ಎಪ್ಪತ್ತೆರಡರ ಸುಮಾರಿಗೆ ಬಕ್ಕಪ್ಪನವರ ಅಂಗಳಕ್ಕೆ ಜೀಪು ಬಂತು. "ಈ ಗಾಡಿ ಸೇವಾ ಮಾಡಿದಾಂವ ನೀನ, ನೀನ ಒಯ್ಯಿ" ಎಂದು ಅವರು ಹಳೆಯ ಮೋಟರ್‌ಸೈಕಲನ್ನು ಏಕನಾಥನಿಗೇ ಕೊಟ್ಟುಬಿಟ್ಟರು. ಅವನು ಸಾಹುಕಾರರ ಕೆಲಸ ಬಿಟ್ಟು ಹೆಂಡತಿಯ ವ್ಯಾಪಾರಕ್ಕೆ ನಿಂತ. ಅಲ್ಲಿಯವರೆಗೆ ಬಸ್ಸಿನಲ್ಲೋ ನಡೆದೋ ಹೋಗುತ್ತಿದ್ದ ಗಯಾಬಾಯಿ ಈಗ ಗಾಡಿಯ ಹಿಂದೆ ಕೂತು, ತೊಡೆಯ ಮೇಲೆ ಮಲಾರ ಇಟ್ಟುಕೊಂಡು, ನಿರ್ಣಾ, ಚಿಟಗುಪ್ಪಾ, ಮನ್ನಾಏಖೇಳ್ಳಿ ಎಂದು ಸುತ್ತತೊಡಗಿದಳು. ಕಲ್ಲು ಬಂದಲ್ಲಿ ಏಕನಾಥ ಗಾಡಿಯನ್ನು ಎಷ್ಟು ಮೆಲ್ಲಗೆ ಹತ್ತಿಸಿ ಇಳಿಸುತ್ತಿದ್ದನೆಂದರೆ ಒಂದು ಬಳೆಯೂ ಒಡೆಯುತ್ತಿರಲಿಲ್ಲ. ಮನೆ ನಡೆಯುತ್ತಿದ್ದದ್ದು ಅವಳ ಕೈಯಿಂದ, ಗಾಡಿ ನಡೆಯುತ್ತಿದ್ದದ್ದು ಅವನ ಕೈಯಿಂದ. ಇಬ್ಬರಿಗೂ ಅದರಲ್ಲಿ ನಾಚಿಕೆ ಇರಲಿಲ್ಲ.

ತಕರಾರು ಬಂದದ್ದು ಗಾಡಿಯ ಬಣ್ಣದಿಂದ. ನಿರ್ಣಾದಲ್ಲಿ ಒಂದು ಮನೆಯಲ್ಲಿ ಬಸುರಿ ಹೆಂಗಸಿಗೆ ಕುಬಸದ ಕಾರ್ಯ. ಹಸಿರು ಸೀರೆ, ಹಸಿರು ಕುಬಸ, ಹಸಿರು ಬಳೆ. ಗಯಾಬಾಯಿ ಬಾಗಿಲ ಮುಂದೆ ಇಳಿಯುತ್ತಿದ್ದಂತೆ ಆ ಮನೆಯ ಅಜ್ಜಿ ಅಡ್ಡ ಬಂದಳು.

"ಬಸುರಿ ಇದ್ದ ಮನಿಗಿ ಕರೀ ಗಾಡಿ ಮ್ಯಾಲ ಬಳಿ ತಂದೀಯೇನ? ಮದ್ಲ ಅದನ್ನ ಬಣವಿ ಹಿಂದ ನಿಂದರಸು."

ಏಕನಾಥ ಗಾಡಿಯನ್ನು ಹುಲ್ಲಿನ ಬಣವೆಯ ಹಿಂದೆ ತಳ್ಳಿಕೊಂಡು ಹೋಗಿ ನಿಲ್ಲಿಸಿದ. ಬಿಸಿಲಲ್ಲಿ ಅಲ್ಲೇ ಕೂತ. ಗಯಾಬಾಯಿಗೆ ಅದು ಮನಸ್ಸಿಗೆ ಹತ್ತಿತು. ಮನೆಗೆ ಬಂದವಳೇ, "ಗಾಡಿಗಿ ಹಸರ ಹೊಡಸ್ರಿ" ಎಂದಳು. ಏಕನಾಥನ ಮುಖ ಅರಳಿತು. "ಹೌದ, ಮದ್ಲಿನ ಹಸರ ಹೊಡಸೂಣ" ಎಂದ. ಆದರೆ ಗಯಾಬಾಯಿಯ ತಲೆಯಲ್ಲಿದ್ದದ್ದು ಕಂಪನಿಯ ಕಡು ಹಸಿರಲ್ಲ. ಮದುಮಗಳ ಕೈಯ ಬಳೆಯ ಹಸಿರು, ಗಿಳಿ ಹಸಿರು.

ಅಲ್ಲಿಂದ ಶುರುವಾಯಿತು ನೋಡಿ. ಒಂದೇ ಹಸಿರಿನ ಮೇಲೆ ಗಂಡ ಹೆಂಡಿರು ಇಷ್ಟು ದಿನ ಜಗಳಾಡಬಹುದೆಂದು ನಮಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನ ಬಣ್ಣ ಬಿಟ್ಟು ಬೇರೆ ಬಣ್ಣ ಹಚ್ಚಿದರೆ ಅದು ಆ ಗಾಡಿಯೇ ಅಲ್ಲ ಎಂದು ಅವನ ವಾದ. ಅವನ ಹಸಿರು ಬಾವಿಯ ಪಾಚಿಯಂತಿದೆ, ತನ್ನ ವ್ಯಾಪಾರಕ್ಕೆ ಒಪ್ಪುವುದಿಲ್ಲ ಎಂದು ಅವಳ ವಾದ. ಓಣಿ ಎರಡು ಪಂಗಡವಾಯಿತು. ನಮ್ಮ ಯಜಮಾನರು ಏಕನಾಥನ ಕಡೆ, ನಮ್ಮ ಅತ್ತೆ ಮಾಣಿಕಮ್ಮ ಗಯಾಬಾಯಿಯ ಕಡೆ. ನಾನು ಯಾರ ಕಡೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ, ಯಾವುದೋ ಒಂದನ್ನು ಬೇಗ ಹಚ್ಚಿ ನಮ್ಮ ಕಿವಿ ಉಳಿಸಿ ಪುಣ್ಯ ಕಟ್ಟಿಕೊಳ್ಳಿ ಎನ್ನುತ್ತಿದ್ದೆ.

ಆಗ ನಮಗಾರಿಗೂ ತಿಳಿಯದ ಒಂದು ಸಂಗತಿ ಇತ್ತು. ಗಯಾಬಾಯಿಯ ಕಣ್ಣಿಗೆ ಪೊರೆ ಬರತೊಡಗಿತ್ತು. ನಮ್ಮ ಕಡೆ ಅದನ್ನು ಮೋತಿಬಿಂದು ಎನ್ನುತ್ತಾರೆ. ಅವಳು ಅದನ್ನು ಗಂಡನಿಗೂ ಹೇಳಿರಲಿಲ್ಲ. ಹೈದರಾಬಾದಿನ ಅಂಗಡಿಯವರು ಕಟ್ಟಿ ಕಳಿಸಿದ ಕ್ರಮದಲ್ಲೇ ಸರಗಳನ್ನು ಮಲಾರಕ್ಕೆ ಪೋಣಿಸುತ್ತಿದ್ದಳು. ಬಲಗಡೆ ಕೆಂಪು, ಅದರಾಚೆ ಹಸಿರು, ಆಮೇಲೆ ಹಳದಿ, ನೀಲಿ. ಕಣ್ಣು ಕೈಕೊಟ್ಟರೂ ಬೆರಳಿಗೆ ಜಾಗ ಗೊತ್ತಿತ್ತು. ಕಣ್ಣಿನ ಮಾತು ಹೊರಗೆ ಬಿದ್ದರೆ ಅವಳ ಬದುಕೇ ಮುಗಿದಂತೆ. ಗಾಜಿನ ಬಳೆ ಏರಿಸುವವಳಿಗೆ ಕಣ್ಣು ಕಾಣುವುದಿಲ್ಲವೆಂದರೆ ಯಾವ ತಾಯಿ ತಾನೇ ಮಗಳ ಕೈ ಮುಂದೆ ಚಾಚಿಸುತ್ತಾಳೆ? ಅದೂ ಅಲ್ಲದೆ ಅವಳ ಸ್ವಂತ ಸೋದರತ್ತೆಗೆ ಊರೂರು ತಿರುಗುವ ವೈದ್ಯನೊಬ್ಬ ಸೂಜಿ ಚುಚ್ಚಿ ಪೊರೆ ತೆಗೆಯಲು ಹೋಗಿ ಇದ್ದ ಬೆಳಕನ್ನೂ ತೆಗೆದಿದ್ದ. ಆ ಭಯ ಬೇರೆ.

ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ದಾರಿಯಲ್ಲಿ ಹಬೀಬನ ಬಣ್ಣದ ಅಂಗಡಿ. ಲಾರಿ, ಟಾಂಗಾ, ಅಂಗಡಿಗಳ ಫಲಕ, ಎಲ್ಲಕ್ಕೂ ಅವನದೇ ಕೈ. ಜಗಳ ಹರಿಯದೆ ಗಂಡ ಹೆಂಡತಿ ಇಬ್ಬರೂ ಗಾಡಿಯ ಮೇಲೆ ಅಲ್ಲಿಗೇ ಹೋದರು. ಅಲ್ಲಿ ನಡೆದದ್ದನ್ನು ಕೆಲವು ವರ್ಷಗಳಾದ ಮೇಲೆ, ಎಲ್ಲ ಮುಗಿದ ಬಳಿಕ, ಏಕನಾಥ ನಮ್ಮ ಅತ್ತೆಯ ಮುಂದೆ ಹೇಳಿಕೊಂಡ, ನಾನು ಒಳಗಿನಿಂದ ಕೇಳಿಸಿಕೊಂಡೆ.

ಏಕನಾಥ ಮೊದಲು ಸೀಟು ಬಿಚ್ಚಿ, ಅದರ ಕೆಳಗೆ ಗೇಟಿನ ಬಣ್ಣ ಮುಟ್ಟದೆ ಉಳಿದಿದ್ದ ಅಂಗೈಯಗಲದ ಹಸಿರನ್ನು ತೋರಿಸಿದ. ಹಬೀಬ ಅದಕ್ಕೆ ಎಣ್ಣೆ ಸವರಿ, "ವಾಹ್! ಏಕನಾಥ ಭಾಯಿ, ಹಿಂಗಂದ್ರ ಹಿಂಗ ಮಾಡಿ ಕೊಡ್ತೀನಿ" ಎಂದ. ಗಯಾಬಾಯಿ ಬಗ್ಗಿ ನೋಡಿದಳು.

"ಇದು ಕರೀದ ಅದಲ್ರಿ. ಇದರಾಗ ಹಸರ ಎಲ್ಲದ?"

ಹಬೀಬ ನಕ್ಕ. ಭಾಬಿ ಜಗಳದ ಜೋರಿನಲ್ಲಿ ಹಾಗೆ ಹೇಳುತ್ತಿದ್ದಾಳೆ ಎಂದುಕೊಂಡ. ಏಕನಾಥನೂ ಹಾಗೇ ಎಂದುಕೊಂಡ. ಅಂಗಡಿಯ ಮುಂದೆ ತಂತಿಗೆ ತಗಡಿನ ತುಂಡುಗಳು ತೂಗುತ್ತಿದ್ದವು, ಒಂದೊಂದಕ್ಕೂ ಒಂದೊಂದು ಬಣ್ಣ. "ನಿಮಗ ಬೇಕಾದ್ದು ನೀವ ಆರಸ್ರಿ ಭಾಬಿ" ಎಂದ ಹಬೀಬ. ಆ ತಗಡುಗಳು ಮಲಾರದ ಕ್ರಮದಲ್ಲಿ ಇರಲಿಲ್ಲ. ಗಯಾಬಾಯಿ ಒಂದೊಂದನ್ನೇ ಹಿಡಿದು, ಬಳೆಯನ್ನು ನೋಡುವ ಹಾಗೆ ಬೆಳಕಿಗೆ ಎತ್ತಿ, ಕೊನೆಗೆ ಒಂದನ್ನು ತಂತಿಯಿಂದ ಬಿಚ್ಚಿ ಗಂಡನ ಕೈಗಿಟ್ಟಳು.

"ಇದ ನೋಡ್ರಿ. ಗಿಳಿ ಹಸರ. ನಾ ಹೇಳಿದ್ದು ಇದ."

ಅದು ನೀಲಿ. ಮಳೆ ಬಿಟ್ಟ ಮೇಲಿನ ಮುಗಿಲಿನ ತಿಳಿ ನೀಲಿ. ಹಸಿರಿನ ಸುಳಿವೂ ಅದರಲ್ಲಿರಲಿಲ್ಲ.

ಹಬೀಬ ಬಾಯಿ ತೆರೆದ. ಏಕನಾಥ ಅವನ ಕಡೆ ನೋಡಿದ, ಅಷ್ಟೇ. ಹಬೀಬ ತೆರೆದ ಬಾಯಿ ಮುಚ್ಚಿಕೊಂಡ. ಹೆಂಡತಿ ಈಚೆಗೆ ಅಕ್ಕಿಯಲ್ಲಿ ಕಲ್ಲು ಬಿಡುತ್ತಿದ್ದದ್ದು, ಮೆಟ್ಟಿಲಲ್ಲಿ ಕಾಲಿನಿಂದ ತಡವುತ್ತಿದ್ದದ್ದು, ಎದುರು ಬಂದವರನ್ನು ದನಿ ಕೇಳಿದ ಮೇಲೆಯೇ ಮಾತಾಡಿಸುತ್ತಿದ್ದದ್ದು, ಎಲ್ಲವೂ ಏಕನಾಥನಿಗೆ ಒಮ್ಮೆಲೇ ಅರ್ಥವಾಯಿತು. ಅಲ್ಲಿ ಒಂದು ಮಾತು ಅಂದರೆ ಸಾಕಿತ್ತು: ಗಯಾ, ಇದು ನೀಲಿ. ಆದರೆ ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ಮಾತು ಬಸವಕಲ್ಯಾಣದಲ್ಲಿ ಹುಟ್ಟಿದರೆ ಸಂಜೆಯ ಬಸ್ಸಿಗೆ ಹುಮನಾಬಾದ ಮುಟ್ಟುತ್ತದೆ.

"ಚಲೋ ಅದ. ಇದ ಹೊಡಿ ಹಬೀಬ್ ಭಾಯಿ" ಎಂದ ಏಕನಾಥ.

"ಮತ್ತ ನಿಮ್ಮ ಕಂಪನಿ ಹಸರ?" ಎಂದಳು ಗಯಾಬಾಯಿ. ಇಷ್ಟು ಸುಲಭವಾಗಿ ಗೆದ್ದೆನೆಂದು ಅವಳಿಗೇ ನಂಬಿಕೆ ಬರಲಿಲ್ಲ.

"ನಿಂದ ಛಂದ ಅದ ಬಿಡು."

ಸೀಟು ಮತ್ತೆ ಕೂರಿಸುವಾಗ ಏಕನಾಥ ಆ ಹಸಿರಿನ ಮೇಲೊಮ್ಮೆ ಕೈಯಾಡಿಸಿದ. ಇಷ್ಟು ವರ್ಷ ಕಾದಿದ್ದ ಆಸೆ. ಅದನ್ನು ಬಿಟ್ಟುಕೊಡಲು ಅವನು ಒಂದು ಗಳಿಗೆಯೂ ಯೋಚಿಸಲಿಲ್ಲ. ನಾನು ಗಂಡಸರ ವಿಷಯದಲ್ಲಿ ಸುಲಭಕ್ಕೆ ಒಳ್ಳೆಯ ಮಾತು ಆಡುವವಳಲ್ಲ, ಆದರೆ ಇದನ್ನು ಕೇಳಿದಾಗ ಒಳಗೆ ರೊಟ್ಟಿ ತಟ್ಟುತ್ತಿದ್ದ ನನ್ನ ಕೈ ನಿಂತುಹೋಗಿತ್ತು.

ಬಣ್ಣ ಒಣಗಿ ಗಾಡಿ ಊರಿಗೆ ಬಂದ ದಿನ ಗಯಾಬಾಯಿ ಅದನ್ನು ನೇರ ನಮ್ಮ ಓಣಿಗೇ ತರಿಸಿದಳು. ಇಳಿದವಳೇ ಸೊಂಟಕ್ಕೆ ಕೈಯಿಟ್ಟು, "ಬರ್ರೆವ್ವಾ, ಬರ್ರಿ! ನನ್ನ ಗಿಳಿ ಹಸರ ನೋಡ್ರಿ!" ಎಂದು ಕೂಗಿದಳು. ನಾವೆಲ್ಲ ಹೊರಗೆ ಬಂದೆವು. ನೋಡಿದೆವು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಅತ್ತೆ ಮಾಣಿಕಮ್ಮ ಯಾವ ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಲ್ಲ. "ಅಯ್ಯ, ಇದು..." ಎಂದು ಶುರು ಮಾಡಿಯೇಬಿಟ್ಟರು.

ಗಯಾಬಾಯಿಯ ಬೆನ್ನ ಹಿಂದೆ ನಿಂತಿದ್ದ ಏಕನಾಥ ಎರಡೂ ಕೈ ಜೋಡಿಸಿದ. ಓಣಿಯ ಹೆಂಗಸರೆದುರು ತಲೆಯೆತ್ತಿ ನೋಡದ ಮನುಷ್ಯ, ಎದೆಯ ಹತ್ತಿರ ಕೈ ಮುಗಿದುಕೊಂಡು ನಮ್ಮ ಅತ್ತೆಯನ್ನೇ ನೋಡುತ್ತ ನಿಂತಿದ್ದ.

ಅತ್ತೆ ಒಂದು ಸಲ ಅವನನ್ನು ನೋಡಿದರು, ಒಂದು ಸಲ ಗಯಾಬಾಯಿಯ ಕಣ್ಣನ್ನು ನೋಡಿದರು. ಆ ಕಣ್ಣಿನ ಗುಡ್ಡೆಯ ನಡುವೆ ಮಜ್ಜಿಗೆಯ ಹನಿಯಂಥ ಬಿಳುಪು ಇತ್ತು. ದಿನಾ ನೋಡುವ ಮುಖ, ನಮಗಾರಿಗೂ ಅಲ್ಲಿಯವರೆಗೆ ಕಂಡಿರಲಿಲ್ಲ.

"ಇದು ಹಸರ ಅಂದ್ರ ಹಸರ ನೋಡ ಗಯಾ" ಎಂದರು ಅತ್ತೆ. "ಭಾಳ ಛಂದ ಬಂದದ."

ಅತ್ತೆ ಹಸಿರು ಎಂದ ಮೇಲೆ ಓಣಿಗೆ ಹಸಿರೇ. ಪಕ್ಕದ ಮನೆಯ ಸೋನುಬಾಯಿ, "ಗಿಳಿ ಕುಂತಂಗ ಕಾಣಸ್ತದ" ಎಂದು ಒಗ್ಗರಣೆ ಹಾಕಿದಳು. ಗಯಾಬಾಯಿಯ ಮುಖದಲ್ಲಿ ಹಿಗ್ಗು ಹಿಡಿಸಲಾರದಷ್ಟಿತ್ತು.

ಅಲ್ಲಿಂದ ಮುಂದಿನ ಎರಡು ಮೂರು ವರ್ಷ ನಮ್ಮ ಓಣಿಯ ಹೆಂಗಸರು ನಡೆಸಿದ ನಾಟಕವನ್ನು ಯಾವ ಕಂಪನಿಯವರೂ ನಡೆಸಲಾರರು. ಅವಳ ಕಣ್ಣಿನ ಮಾತನ್ನು ಯಾರೂ ಯಾರ ಮುಂದೆಯೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಗಯಾಬಾಯಿ ಮಲಾರ ಇಳಿಸಿದ ಕೂಡಲೇ ನಾವೇ ಮುಂದೆ ಬಗ್ಗಿ ಬೇಕಾದ ಸರ ಆರಿಸಿ ಅವಳ ಅಂಗೈಗೆ ಇಡತೊಡಗಿದೆವು. "ಗಯಾ, ನನ್ನ ಮಗಳಿಗಿ ಈ ಹಸರ ಹಾಕು", "ನಂಗ ಈ ಕೆಂಪ ಹಾಕು." ಅವಳು ಅಂಗೈ ಚಾಚುವುದು, ನಾವು ಇಡುವುದು. ಅವಳ ಬೆರಳಿನ ಕೆಲಸದಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಕೈಯ ಎಲುಬನ್ನು ಎಲ್ಲಿ ಒತ್ತಿದರೆ ಬಳೆ ನೋವಿಲ್ಲದೆ ಜಾರುತ್ತದೆ ಎಂಬುದಕ್ಕೆ ಅವಳಿಗೆ ಕಣ್ಣು ಬೇಕಿರಲಿಲ್ಲ. ಬಣ್ಣಕ್ಕೆ ಮಾತ್ರ ಬೇಕಿತ್ತು, ಅದನ್ನು ನಾವು ಕೊಟ್ಟೆವು.

ಅವಳು ಇದಕ್ಕೆ ಗೊಣಗುತ್ತಿದ್ದಳು. "ಈಗಿನ ಹೆಂಗಸರಿಗಿ ಸೊಕ್ಕ ಬಂದದ. ಎಲ್ಲಾ ತಾವ ಆರಸ್ತಾರ. ನನ್ನ ಮಾತಿಗಿ ಕಿಮ್ಮತ್ತ ಇಲ್ಲ." ನಾವು ಬೈಸಿಕೊಂಡು ಸುಮ್ಮನಿದ್ದೆವು. ಒಳಗೊಳಗೆ ನನಗೆ ಮಾತ್ರ ಬೇಜಾರಾಗುತ್ತಿತ್ತು. ನಾನು ಆರಿಸಿದ ಬಳೆ ನನ್ನ ಕೈಗೆ ಹೊಂದುತ್ತಿರಲಿಲ್ಲ. ಅವಳು ಆರಿಸಿ ಕೊಡುತ್ತಿದ್ದ ಕಾಲ ಬೇಕೆನಿಸುತ್ತಿತ್ತು.

ಒಮ್ಮೆ ನಾಟಕ ಕೆಡುವುದರಲ್ಲಿತ್ತು. ನನ್ನ ನಾದಿನಿಯ ಕುಬಸ. ಅತ್ತೆ ಎಂದಿನಂತೆ ಹಸಿರು ಸರ ಆರಿಸಿ ಗಯಾಬಾಯಿಯ ಕೈಗಿಟ್ಟರು. ಬಳೆ ಏರಿಸಿ ಮುಗಿದ ಮೇಲೆ ಗಯಾಬಾಯಿ, "ಇದು ನನ್ನ ಕಡಿಂದ ಉಡುಗೊರಿ" ಎಂದು ಪ್ರೀತಿಯಿಂದ ಮಲಾರಕ್ಕೆ ಕೈಹಾಕಿ ಇನ್ನೆರಡು ಬಳೆ ತೆಗೆದು ಏರಿಸಿಬಿಟ್ಟಳು. ಎರಡೂ ಕಡು ನೀಲಿ. ನಾದಿನಿಯ ಅತ್ತೆ ಮನೆಯಿಂದ ಬಂದಿದ್ದ ಹೆಂಗಸರು ಹುಬ್ಬೇರಿಸಿದರು. ಒಬ್ಬಾಕೆ ಬಾಯಿ ತೆರೆಯುವಷ್ಟರಲ್ಲಿ ನಾನು ಅವಳ ಕೈಗೆ ಒಂದು ದೊಡ್ಡ ಕರಿಗಡುಬು ಕೊಟ್ಟೆ. ನಾದಿನಿ ಹೆರಿಗೆಯವರೆಗೂ ಹಸಿರಿನ ನಡುವೆ ಆ ಎರಡು ನೀಲಿ ಬಳೆ ಹಾಕಿಕೊಂಡೇ ತಿರುಗಿದಳು. ಮಗು ಗುಂಡುಗುಂಡಾಗಿ ಹುಟ್ಟಿತು, ಯಾರಿಗೂ ಏನೂ ಆಗಲಿಲ್ಲ.

ಇನ್ನೊಂದು ಸಲ ಮನ್ನಾಏಖೇಳ್ಳಿಯ ಹೆದ್ದಾರಿಯ ಮೇಲೆ ಚಹಾ ಕುಡಿಯಲು ನಿಂತಾಗ ಲಾರಿ ಚಾಲಕನೊಬ್ಬ, "ಏ, ಆ ನೀಲಿ ಗಾಡಿ ಆ ಕಡಿ ಹಚ್ಚು" ಎಂದು ಕೂಗಿದನಂತೆ. ಗಯಾಬಾಯಿ ತಿರುಗಿ ನಿಂತು, "ನಿನ್ನ ಕಣ್ಣಾಗ ಏನ ಬಿದ್ದದೋ? ಹಸರ ಯಾವದು, ನೀಲಿ ಯಾವದು ತಿಳಿಯೂದಿಲ್ಲ, ಲಾರಿ ಹೊಡೀತಾನ ಇಂವ!" ಎಂದು ಜಾಡಿಸಿದಳು. ಚಹಾ ಅಂಗಡಿಯವನು ಏಕನಾಥನ ಮುಖ ನೋಡಿ, "ಹೌದ್ರಿ ಬಾಯಾರ, ಹಸರ ಅದ" ಎಂದ. ನಮ್ಮ ನಾಟಕ ಅಷ್ಟು ದೂರ ಹಬ್ಬಿತ್ತು.

ಏಕನಾಥ ನಡುನಡುವೆ ಕಣ್ಣಿನ ಡಾಕ್ಟರರ ಮಾತು ತೆಗೆಯುತ್ತಿದ್ದ. "ನನ್ನ ಕಣ್ಣಿಗಿ ಏನಾಗ್ಯದ?" ಎಂದು ಅವಳು ಗುಡುಗುತ್ತಿದ್ದಳು. ಆಮೇಲೆ ಮನೆಯಲ್ಲಿ ಮಾತು ಬಂದ್. ಅವನು ಮತ್ತೆ ಸುಮ್ಮನಾಗುತ್ತಿದ್ದ. ಅವಳು ತನ್ನ ಕಣ್ಣು ಕಾಣದ್ದನ್ನು ನಮ್ಮಿಂದ ಮುಚ್ಚಿಟ್ಟಿದ್ದಳು, ಅದು ನಮಗೆ ಗೊತ್ತಿರುವುದನ್ನು ನಾವು ಅವಳಿಂದ ಮುಚ್ಚಿಟ್ಟಿದ್ದೆವು. ಹೀಗೇ ಎಷ್ಟು ದಿನ ನಡೆಯುತ್ತಿತ್ತೋ ಗೊತ್ತಿಲ್ಲ.

ಎಪ್ಪತ್ತೇಳರಲ್ಲಿ ಸೋನುಬಾಯಿಯ ಸಣ್ಣ ಮಗಳಿಗೆ ಬಳೆ ಏರಿಸುವಾಗ ಒಂದು ಬಳೆ ಚಟ್ ಎಂದು ಒಡೆಯಿತು. ಬಳೆ ಒಡೆಯುವುದು ಹೊಸದಲ್ಲ. ಆದರೆ ಗಾಜು ಹುಡುಗಿಯ ಮಣಿಕಟ್ಟಿಗೆ ಚುಚ್ಚಿ ರಕ್ತ ಬಂತು, ಗಯಾಬಾಯಿಗೆ ಅದು ಕಾಣಲಿಲ್ಲ. ಅವಳು ಇನ್ನೊಂದು ಬಳೆ ತೆಗೆದುಕೊಂಡು ಅದೇ ಕೈಗೆ ಏರಿಸಲು ಹೋದಳು. ಹುಡುಗಿ ಕಿರುಚಿದಳು. ಸೋನುಬಾಯಿ ಗಾಬರಿಯಲ್ಲಿ, "ಅಯ್ಯ ರಕ್ತ!" ಎಂದಳು. ಗಯಾಬಾಯಿ ತನ್ನ ಬೆರಳನ್ನು ಮೂಗಿನ ಹತ್ತಿರ ತಂದುಕೊಂಡು ನೋಡಿದಳು. ಬೆರಳಿಗೆ ಅಂಟಿದ್ದದ್ದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಯಾರೂ ಬೈಯಲಿಲ್ಲ. ಹುಡುಗಿಯ ಕೈಗೆ ಅರಿಶಿನ ಹಚ್ಚಿ ಕಟ್ಟಿದೆವು. ಗಯಾಬಾಯಿ ಮಲಾರವನ್ನು ಹೆಗಲಿಗೆ ಹಾಕಿಕೊಳ್ಳದೆ, ಮಡಿಲಲ್ಲಿ ಸುತ್ತಿಕೊಂಡು, ಗೋಡೆ ಹಿಡಿದುಕೊಂಡು ಹೋದಳು. ಗೋಡೆ ಹಿಡಿದುಕೊಂಡು ಅವಳು ನಡೆದದ್ದನ್ನು ನಾವು ಅವತ್ತೇ ಮೊದಲು ನೋಡಿದ್ದು.

ಮನೆಗೆ ಹೋಗಿ ಗಂಡನಿಗೆ, "ಮಾಣಿಕನಗರದಾಗ ಕಣ್ಣಿನ ಕ್ಯಾಂಪ ಬಂದದಂತಲ್ರಿ. ನಾಳಿ ನನ್ನ ಕರಕೊಂಡ ಹೋಗ್ರಿ" ಎಂದಳಂತೆ. "ಕಣ್ಣ ಹೋದ್ರ ಹೋಗ್ಲಿ. ಹುಡುಗಿ ಕೈ ಕೊಯ್ಯೂದು ಬ್ಯಾಡ."

ಶಿಬಿರದಲ್ಲಿ ಡಾಕ್ಟರರು ಒಂದು ಕಣ್ಣಿನ ಪೊರೆ ತೆಗೆದರು. ಕಣ್ಣಿಗೆ ಪಟ್ಟಿ ಕಟ್ಟಿ, ಕನ್ನಡಕ ಬರುವವರೆಗೂ ಬೆಳಕಿಗೆ ತೆರೆಯಬೇಡ ಎಂದರು. ನಾವು ಸರದಿಯ ಮೇಲೆ ರೊಟ್ಟಿ ಪಲ್ಯ ಒಯ್ದು ಕೊಟ್ಟೆವು. ಗಯಾಬಾಯಿ ಅಷ್ಟು ಸುಮ್ಮನೆ ಮಲಗಿದ್ದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಅವಳು ಬೈಯದಿದ್ದರೆ ಓಣಿ ಓಣಿಯಾಗಿ ಇರಲಿಲ್ಲ. ಕಾಣದೇ ಹೋದರೆ ಮುಂದೇನು ಎಂದು ನಾವಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಕನ್ನಡಕ ಬೇರೆ ದಿನ ಕೊಡುತ್ತಾರೆ ಎಂದಿದ್ದರು. ಅವತ್ತು ಏಕನಾಥ ಅವಳನ್ನು ಕರೆದೊಯ್ದದ್ದು ನಮಗೆ ಗೊತ್ತಿರಲಿಲ್ಲ. ಡಾಕ್ಟರರು ಪಟ್ಟಿ ಬಿಚ್ಚಿ, ಸೋಡಾ ಬಾಟಲಿಯ ಬುಡದಷ್ಟು ದಪ್ಪದ ಗಾಜಿನ ಕನ್ನಡಕ ಏರಿಸಿ, ಎದುರಿನ ಗೋಡೆಯ ಮೇಲಿನ ಅಕ್ಷರ ತೋರಿಸಿದರಂತೆ. "ನಂಗ ಓದಾಕ ಬರೂದಿಲ್ರಿ" ಎಂದಳಂತೆ ಗಯಾಬಾಯಿ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು. ಬೇವಿನ ಮರದ ಕೆಳಗೆ ಏಕನಾಥ ಗಾಡಿಯನ್ನು ತಿರುಗಿಸಿ ನಿಲ್ಲಿಸಿದ್ದ. ಅವಳು ಗಾಡಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹಿಂದೆ ಹತ್ತಿ ಕೂತು, "ಮದ್ಲ ಮಾಣಿಕಮ್ಮನ ಓಣಿಗಿ ಹೊಡೀರಿ" ಎಂದಳು.

ಗಾಡಿಯ ಸದ್ದು ಕೇಳಿ ನಾವೆಲ್ಲ ಹೊರಗೆ ಬಂದೆವು. ದಪ್ಪ ಕನ್ನಡಕದ ಹಿಂದೆ ಅವಳ ಕಣ್ಣು ಎಮ್ಮೆಯ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅದು ನಮ್ಮನ್ನು ನೋಡುತ್ತಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ಕೇಳಲು ಯಾರಿಗೂ ಧೈರ್ಯವಿರಲಿಲ್ಲ. ಅವಳೇ ಗಾಡಿಯ ಟಾಂಕಿಯ ಮೇಲೆ ಕೈಯಿಟ್ಟಳು.

"ಯವ್ವಾ, ಎಲ್ಲಾರೂ ಒಮ್ಮಿ ಹೇಳ್ರಿ. ನನ್ನ ಗಾಡಿ ಬಣ್ಣ ಹ್ಯಾಂಗದ?"

"ಹಸರ!" ಎಂದೆವು ನಾವೆಲ್ಲ. ಅಷ್ಟು ವರ್ಷದ ರೂಢಿ, ಒಂದೇ ಬಾಯಲ್ಲಿ ಬಂತು. "ಗಿಳಿ ಹಸರ" ಎಂದಳು ಸೋನುಬಾಯಿ. "ನಿನ್ನಿಕಿಂತ ಇವತ್ತ ಇನ್ನಾ ಛಂದ ಕಾಣಸಾಕತ್ತದ" ಎಂದರು ನಮ್ಮ ಅತ್ತೆ.

ಗಯಾಬಾಯಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಕ್ಯಾಂಪ ಇನ್ನಾ ಎದ್ದಿಲ್ಲ. ಎಲ್ಲಾರೂ ಸಾಲಾಗಿ ಹೋಗಿ ಕಣ್ಣ ತೋರಿಸ್ಕೋರಿ. ಇದು ನೀಲಿ ಅದ. ಮುಗಿಲ ನೀಲಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಒಟ್ಟಿಗೇ ಬಂದವು. ಸೋನುಬಾಯಿಗೆ ಮಾತ್ರ ಸಿಟ್ಟು ಬಂತು. "ಅಲ್ಲ ಗಯಾ, ನೀಲಿ ಗಾಡಿ ಬಂತು ಅಂದದ್ದಕ್ಕ ನಾ ನಮ್ಮ ಹುಡುಗರಿಗಿ ಹೊಡದೇನಿ! ಹಸರ ಅನ್ರೋ ಅಂತ ಬಾಯಿಪಾಠ ಮಾಡಸೇನಿ! ಈಗ ನೀನ ಬಂದು ನೀಲಿ ಅಂತೀಯಲ್ಲ!" ಅವಳು ಬೈಯುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

ಗಯಾಬಾಯಿ ಗಂಡನ ಕಡೆ ತಿರುಗಿದಳು. ಏಕನಾಥ ತಲೆ ತಗ್ಗಿಸಿ ನಿಂತಿದ್ದ. ಬೈಗುಳಕ್ಕೆ ತಯಾರಾಗಿದ್ದ ಎಂದು ಕಾಣುತ್ತದೆ.

"ಹಬೀಬನ ಕಡಿ ಒಯ್ಯಿರಿ. ನಿಮ್ಮ ಹಸರ ಹೊಡಸ್ರಿ. ಆ ಬಂಗಾರದ ಗೆರಿ ಸುದ್ದಾ."

"ನಿಂಗ ಅದು ಬ್ಯಾಡಾಗಿತ್ತಲ್ಲ" ಎಂದ ಅವನು ಮೆಲ್ಲಗೆ.

"ಅದನ್ನ ನಾ ನೋಡೇ ಇಲ್ಲ. ನೋಡಬೇಕಾಗ್ಯದ."

ಏಕನಾಥ ಹೂಂ ಎಂದ.

ಅವಳು ನಮ್ಮ ಕಟ್ಟೆಯ ಮೇಲೆ ಕೂತಳು. ಮನೆಯಿಂದ ಮಲಾರ ತರಿಸಿದಳು. ಇವತ್ತೇ ಬೇಡ, ಕಣ್ಣಿಗೆ ಆಯಾಸ ಎಂದು ನಾನು ಹೇಳಿದರೆ ಕೇಳಲಿಲ್ಲ. ನಮ್ಮ ಅತ್ತೆ ಎಲ್ಲರನ್ನೂ ಸರಿಸಿ ಮೊದಲು ತಾವೇ ಮುಂದೆ ಕೂತು ಕೈ ಚಾಚಿದರು. ಗಯಾಬಾಯಿ ಎಡಗೈಯಲ್ಲಿ ಅವರ ಕೈ ಹಿಡಿದುಕೊಂಡು, ರೂಢಿಯಂತೆ ಬಲಗೈಯ ಅಂಗೈಯನ್ನು ಅವರ ಮುಂದೆ ತೆರೆದಳು. ಬಳೆ ಇಡಲಿ ಎಂದು.

ಅತ್ತೆ ಏನನ್ನೂ ಇಡಲಿಲ್ಲ.

"ಇನ್ನ ನಾ ಯಾಕ ಆರಿಸಿ ಕೊಡ್ಲಿ ಗಯಾ? ನೀನ ಆರಸು."

ತೆರೆದ ಅಂಗೈ ಹಾಗೆಯೇ ಇತ್ತು. ಗಯಾಬಾಯಿ ತನ್ನ ಅಂಗೈಯನ್ನೇ ನೋಡಿಕೊಂಡಳು. ಗಾಡಿಯ ಬಣ್ಣವೊಂದೇ ಅಲ್ಲ, ಇಷ್ಟು ವರ್ಷ ತಾನು ಏರಿಸಿದ ಒಂದೊಂದು ಬಳೆಯೂ ಈ ಕೈಗೆ ಓಣಿಯವರು ಆರಿಸಿ ಇಟ್ಟದ್ದು ಸೊಕ್ಕಿನಿಂದಲ್ಲ, ತನ್ನ ಕಣ್ಣಿನ ಸಂಗತಿ ಗೊತ್ತಿದ್ದೇ ಎಂದು ಅವಳಿಗೆ ತಿಳಿದದ್ದು ಆಗಲೇ. "ಅವ್ವಾರ..." ಎಂದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಅತ್ತೆ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಗಯಾಬಾಯಿ ಆ ಕೈಯನ್ನು ಮೊಣಕೈವರೆಗೆ ತಿರುಗಿಸಿ ನೋಡಿ, ಆಮೇಲೆ ಮಲಾರದ ಮೇಲೆ ಬಗ್ಗಿ, ಬಳೆ ಆರಿಸತೊಡಗಿದಳು.